ಕ್ಲೇ ಹಿಡಿಯುವ ಮುನ್ನ

ಕಾರು ತೊಳೆದು ಒಣಗಿಸಿದ ಮೇಲೆ ಕೈಗೆ ತೆಳುವಾದ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಾನೆಟ್ ಮೇಲೆ ಮೆಲ್ಲಗೆ ಸವರಿ ನೋಡಿ. ತರಿತರಿಯಾಗಿ ತಾಗಿದರೆ ಕ್ಲೇ, ಅಂದರೆ ಬಣ್ಣಕ್ಕೆ ಅಂಟಿದ ಕೊಳೆಯನ್ನು ಎಳೆದು ತೆಗೆಯುವ ಮೆತ್ತನೆಯ ಜೇಡಿಯಂಥ ತುಂಡು, ಬೇಕು. ನುಣುಪಾಗಿದ್ದರೆ ಸುಮ್ಮನೆ ಬಿಟ್ಟುಬಿಡಿ. ಬ್ರೇಕಿನಿಂದ ಹಾರುವ ಕಬ್ಬಿಣದ ಪುಡಿ, ಮರದ ಅಂಟು, ಪಕ್ಕದ ಮನೆಯ ಗೇಟಿಗೆ ಹೊಡೆದ ಸ್ಪ್ರೇ ಪೇಂಟಿನ ಹನಿ, ಇವೆಲ್ಲ ಶಾಂಪೂಗೆ ಜಗ್ಗುವುದಿಲ್ಲ.

ಪಾಲಿಶರ್ ಯಂತ್ರಕ್ಕೆ ಕ್ಲೇ ಪ್ಯಾಡ್ ಸಿಕ್ಕಿಸಿದರೆ ಕೆಲಸ ಬೇಗ ಮುಗಿಯುತ್ತದೆ, ನಿಜ. ಆದರೆ ಬಣ್ಣದ ಮೇಲೆ ಸಣ್ಣ ಗೀರು, ಮಬ್ಬು ಉಳಿಯಬಹುದು. ಕಪ್ಪು ಕಾರಿನಲ್ಲಂತೂ ಅದು ಎದ್ದು ಕಾಣುತ್ತದೆ. ಹೇಗೂ ಆಮೇಲೆ ಪಾಲಿಶ್ ಮಾಡಿಸುವವರು ಯಂತ್ರ ಬಳಸಲಿ, ಅದೂ ಕಡಿಮೆ ವೇಗದಲ್ಲಿ. ಬರೀ ವ್ಯಾಕ್ಸ್ ಹಚ್ಚಿ ಮುಗಿಸುವವರಿಗೆ ನನ್ನ ಮಾತು: ಕೈಯೇ ವಾಸಿ. ಎಲ್ಲಿ ಕೊಳೆ ಬಿಟ್ಟಿತು, ಎಲ್ಲಿ ಇನ್ನೂ ಹಿಡಿದುಕೊಂಡಿದೆ ಎಂಬುದು ಬೆರಳಿಗೇ ಗೊತ್ತಾಗುತ್ತದೆ.

ಕ್ಲೇಯನ್ನು ಚಪಾತಿ ಹಿಟ್ಟಿನಂತೆ ನಾದಿ, ತಟ್ಟಿ, ಲೂಬ್ರಿಕಂಟ್ ಧಾರಾಳವಾಗಿ ಸಿಂಪಡಿಸಿ, ಒತ್ತದೆ ನೇರವಾಗಿ ಆಡಿಸಿ. ಕೊಳೆ ಕಂಡ ಕೂಡಲೇ ಮಡಚಿ ಮತ್ತೆ ನಾದಬೇಕು. ನೆಲಕ್ಕೆ ಬಿದ್ದ ತುಂಡನ್ನು ದುಡ್ಡಿನ ಮುಖ ನೋಡದೆ ಎಸೆಯಿರಿ, ಗೀರು ಬೀಳಲು ಒಂದೇ ಮರಳಿನ ಕಣ ಸಾಕು. ಬಿಸಿಲಲ್ಲಿ ಈ ಕೆಲಸ ಬೇಡ. ಮ್ಯಾಟ್ ಬಣ್ಣದ ಕಾರಿಗಂತೂ ಬೇಡವೇ ಬೇಡ.