ಲಿಬರೇಟರ್ ಮಾದರಿ: ಮಲೆನಾಡಿನ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಪ್ಪನ ಟ್ರಂಕಿನಲ್ಲಿ ಬಿ-24 ಲಿಬರೇಟರ್ ಬಾಂಬರಿನ ಹಳೆಯ ಏರ್‌ಫಿಕ್ಸ್ ಕಿಟ್ ಸಿಕ್ಕಿದೆ, 1/72 ಅಳತೆಯದ್ದು. ಡಬ್ಬಿಗೆ ಬೂಷ್ಟು ಹಿಡಿದಿದೆ. ಜೋಡಿಸಲೋ, ಬೆಲೆ ಬರುತ್ತದೆಂದು ಹಾಗೇ ಇಡಲೋ? — ಓದುಗರೊಬ್ಬರು, ಮೂಡಿಗೆರೆ

ಉತ್ತರ: ಜೋಡಿಸಿ. ಏರ್‌ಫಿಕ್ಸ್ 1960ರ ದಶಕದಲ್ಲಿ ತಂದ ಈ ಕಿಟ್ಟನ್ನು ಮತ್ತೆ ಮತ್ತೆ ಮಾರುಕಟ್ಟೆಗೆ ಬಿಟ್ಟಿದೆ. ಬೂಷ್ಟು ಹಿಡಿದ ಡಬ್ಬಿಗೆ ಸಂಗ್ರಹಕಾರರು ದೊಡ್ಡ ಬೆಲೆ ಕೊಡುವುದಿಲ್ಲ. ಅಪ್ಪ ಜೋಡಿಸಬೇಕೆಂದೇ ತಂದಿಟ್ಟಿರಬೇಕು.

ಬಿಡಿಭಾಗಗಳನ್ನು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಮೆತ್ತಗಿನ ಬ್ರಷ್ಷಿನಿಂದ ತೊಳೆಯಿರಿ. ತಣ್ಣೀರೇ ಆಗಬೇಕು, ಹಂಡೆಯ ಬಿಸಿನೀರಿಗೆ ಹಾಕಿದರೆ ಪಾಲಿಸ್ಟೈರೀನ್ ಸೊಟ್ಟಗಾಗುತ್ತದೆ. ಆ ಕಾಲದ ಕಿಟ್ಟುಗಳಲ್ಲಿ ತಗಡಿನ ಗೆರೆಗಳೂ ರಿವೆಟ್ಟುಗಳೂ ಉಬ್ಬಿಕೊಂಡಿರುತ್ತವೆ. ಅವನ್ನೆಲ್ಲ ಉಜ್ಜಿ ನುಣ್ಣಗೆ ಮಾಡಬೇಕೆಂದು ಹೇಳುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಹಳೆಯ ಕಿಟ್ಟಿನ ಮುಖಲಕ್ಷಣವೇ ಅದು. ಜೋಡಣೆಯ ಅಂಚುಗಳನ್ನಷ್ಟೇ ಉಜ್ಜಿ. ಜಾಗವನ್ನು ಮೊದಲೇ ನೋಡಿಕೊಳ್ಳಿ. ನಿಜವಾದ ವಿಮಾನದ ರೆಕ್ಕೆ ತುದಿಯಿಂದ ತುದಿಗೆ 33.5 ಮೀಟರ್, ನಿಮ್ಮ ಮಾದರಿಯದ್ದು 46 ಸೆಂಟಿಮೀಟರಿಗೂ ಹೆಚ್ಚಾಗುತ್ತದೆ.

ಪ್ರಶ್ನೆ: ಆಷಾಢದಲ್ಲಿ ಬೆಳ್ಳಿ ಬಣ್ಣ ಸ್ಪ್ರೇ ಮಾಡಿದೆ. ಮೇಲ್ಮೈ ಹಾಲಿನಂತೆ ಮಂಕಾಗಿದೆ. ಅದರಡಿ ಹಚ್ಚಿದ್ದ ಎನಾಮಲ್ ವಾರವಾದರೂ ಅಂಟುತ್ತಿದೆ. — ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಇದು ನಮ್ಮ ಮಳೆಯ ಕೆಲಸ, ಬಣ್ಣದ ದೋಷವಲ್ಲ. ಸ್ಪ್ರೇಯ ದ್ರಾವಕ ಬೇಗ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯ ತೇವ ಅಲ್ಲೇ ಕೂತು ಬಣ್ಣ ಮಂಕಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕತ್ತರಿಸುವುದು, ಅಂಟಿಸುವುದು, ಉಜ್ಜುವುದು ಮಾಡಿಕೊಳ್ಳಿ. ಬಣ್ಣವನ್ನು ಕಾಫಿ ಕಣದಲ್ಲಿ ಒಣಗುವ ಬಿಸಿಲಿಗೆ ಬಿಡಿ.

ಕಾಯಲು ಆಗದಿದ್ದರೆ ಒಂದು ಮರದ ಪೆಟ್ಟಿಗೆಗೆ ಗಾಳಿಯಾಡಲು ತೂತು ಕೊರೆದು 40 ವಾಟಿನ ಹಳೇ ಮಾದರಿಯ ಬಲ್ಬು ಹಾಕಿ. ಎಲ್‌ಇಡಿ ಬಲ್ಬಿನ ಶಾಖ ಸಾಲದು. ಮಾದರಿ ಬಲ್ಬಿನಿಂದ ಒಂದಡಿ ದೂರವಿರಲಿ, ಒಳಗೆ ಕೈಯಿಟ್ಟರೆ ಬೆಚ್ಚಗೆ ಅನ್ನಿಸಿದರೆ ಸಾಕು. ದ್ರಾವಕದ ವಾಸನೆ ಪೂರ್ತಿ ಹೋಗುವ ಮೊದಲು ಪೆಟ್ಟಿಗೆಯೊಳಗೆ ಇಡಬೇಡಿ, ಬೆಂಕಿಯ ಅಪಾಯವಿದೆ. ಒಲೆ ಮೇಲಿನ ಅಟ್ಟವೂ ಬೇಡ, ಮಸಿ ಕೂರುತ್ತದೆ.

ಬೆಳ್ಳಿ ಬಣ್ಣ ಒಂದು ಗೀರನ್ನೂ ಮುಚ್ಚಿಡುವುದಿಲ್ಲ. ಮೊದಲು ಹೊಳಪಿನ ಕಪ್ಪು ಬಣ್ಣ ಹೊಡೆದು, ಪೂರ್ತಿ ಒಣಗಿಸಿ, 1000 ನಂಬರಿನ ವಾಟರ್ ಪೇಪರ್ ಒದ್ದೆ ಮಾಡಿ ಹಗುರಾಗಿ ಉಜ್ಜಿ. ಅದರ ಮೇಲೆ ತೆಳುವಾಗಿ ಎರಡು ಕೋಟ್ ಬೆಳ್ಳಿ ಹೊಡೆದರೆ ಲೋಹದ ಕಳೆ ಬರುತ್ತದೆ.

ಪ್ರಶ್ನೆ: ವಿಮಾನ ಬಾಲದ ಮೇಲೆ ಕೂರುತ್ತದೆ. ಗಾಜಿನ ಭಾಗಗಳೂ ಮಬ್ಬಾಗಿವೆ. — ಕಾಲೇಜು ವಿದ್ಯಾರ್ಥಿ, ಕೊಟ್ಟಿಗೆಹಾರ

ಉತ್ತರ: ಲಿಬರೇಟರಿಗೆ ಮುಂದೆ ಮೂತಿಯ ಚಕ್ರವಿದೆ, ಮಾದರಿಯಲ್ಲಿ ಭಾರ ಹಿಂದೆ ಬೀಳುತ್ತದೆ. ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ಮೂತಿಯೊಳಗೆ, ಚಾಲಕರ ಕೋಣೆಯ ನೆಲದಡಿಯಲ್ಲಿ ತುಂಬಿಸಿ. ಅವನ್ನು ಹಿಡಿದಿಡಲು ಅರಾಲ್ಡೈಟ್ ಬಳಸಿ, ಫೆವಿಕಾಲ್ ಬೇಡವೇ ಬೇಡ. ಬಿಳಿ ಅಂಟಿನೊಳಗೆ ಮುಚ್ಚಿಹೋದ ಸೀಸ ವರ್ಷಗಳಲ್ಲಿ ತುಕ್ಕು ಹಿಡಿದಂತಾಗಿ ಉಬ್ಬಿ, ವಿಮಾನದ ಒಡಲನ್ನೇ ಬಿರಿಸಿಬಿಡುತ್ತದೆ. ಗಾಜಿನ ಭಾಗಗಳಿಗೆ ಮಾತ್ರ ಫೆವಿಕಾಲೇ ಸರಿ. ಫೆವಿಕ್ವಿಕ್‌ನ ಆವಿಯಿಂದಲೇ ಅವು ಮಬ್ಬಾಗಿರಬೇಕು.

ಪ್ರಶ್ನೆ: ಡಬ್ಬಿಯ ಮೇಲಿರುವುದು ಅಮೆರಿಕದ ವಿಮಾನ. ಅದನ್ನು ನಮ್ಮದಾಗಿ ಮಾಡಬಹುದೇ? — ಓದುಗರೊಬ್ಬರು, ಕಳಸ

ಉತ್ತರ: ಮಾಡಲೇಬೇಕು. ಈ ವಿಮಾನಕ್ಕೂ ನಮ್ಮ ನಾಡಿಗೂ ಎರಡು ನಂಟುಗಳಿವೆ. ಬ್ರಿಟಿಷ್ ವಾಯುಪಡೆಯ 358ನೇ ಸ್ಕ್ವಾಡ್ರನ್ 1944ರ ನವೆಂಬರಿನಲ್ಲಿ ಹುಟ್ಟಿದ್ದು ಕೋಲಾರದಲ್ಲಿ, ಲಿಬರೇಟರುಗಳೊಂದಿಗೆ. ಅದನ್ನು ಮಾಡುವುದಾದರೆ ರೆಕ್ಕೆಯ ವೃತ್ತದಲ್ಲಿ ಕೆಂಪು ಹಾಕಬೇಡಿ. ಜಪಾನಿನ ಕೆಂಪು ಸೂರ್ಯನೆಂದು ನಮ್ಮವರೇ ಗುಂಡು ಹಾರಿಸಬಾರದೆಂದು ಆಗ್ನೇಯ ಏಷ್ಯಾದ ರಣರಂಗದಲ್ಲಿ ಕಡುನೀಲಿ, ತಿಳಿನೀಲಿ ಎರಡನ್ನೇ ಬಳಸುತ್ತಿದ್ದರು.

ನನಗೆ ಹೆಚ್ಚು ಪ್ರಿಯವಾದದ್ದು ಎರಡನೆಯದು. ಅಮೆರಿಕ ಈ ವಿಮಾನಗಳನ್ನು ಎರಡನೇ ಮಹಾಯುದ್ಧಕ್ಕೆಂದು ಬ್ರಿಟಿಷರಿಗೆ ಎರವಲು ಕೊಟ್ಟಿತ್ತು. ಯುದ್ಧ ಮುಗಿದ ಮೇಲೆ ಯಾರೂ ಹಾರಿಸಬಾರದೆಂದು ಅವನ್ನು ಕಾನ್ಪುರದಲ್ಲಿ ಹಾಳುಗೆಡವಿದರು: ಉಪಕರಣಗಳನ್ನು ಒಡೆದರು, ಎಂಜಿನ್ನಿಗೆ ಮಣ್ಣು ಸುರಿದರು. ಸ್ವತಂತ್ರ ಭಾರತಕ್ಕೆ ದೊಡ್ಡ ಬಾಂಬರುಗಳು ಬೇಕಾದಾಗ 1948ರಲ್ಲಿ ಬೆಂಗಳೂರಿನ ಎಚ್‌ಎಎಲ್ ತಂಡ ಆ ರಾಶಿಯ ಮುಂದೆ ನಿಂತಿತು. ಒಂದರ ಭಾಗ ಇನ್ನೊಂದಕ್ಕೆ ಹಾಕಿ, ಹಾರುವಷ್ಟು ಮಾತ್ರ ರಿಪೇರಿ ಮಾಡಿದರು. ಪರೀಕ್ಷಾ ಪೈಲಟ್ ಜಮ್ಷೆಡ್ ಮುನ್ಶಿ ಅವನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು, ಪೂರ್ತಿ ದುರಸ್ತಿ ಇಲ್ಲಿ ನಡೆಯಿತು. ಹೀಗೆ 40ಕ್ಕೂ ಹೆಚ್ಚು ಲಿಬರೇಟರುಗಳು ಮತ್ತೆ ಹಾರಿದವು. 1948ರ ನವೆಂಬರಿನಲ್ಲಿ ಭಾರತೀಯ ವಾಯುಪಡೆಯ 5ನೇ ಸ್ಕ್ವಾಡ್ರನ್ ಇವುಗಳಿಂದಲೇ ಶುರುವಾಯಿತು. ಮುಂದೆ 6ನೇ ಸ್ಕ್ವಾಡ್ರನ್ ಇವುಗಳಲ್ಲಿ ಸಮುದ್ರ ಕಾಯಿತು. 1968ರವರೆಗೂ ಇವು ಸೇವೆಯಲ್ಲಿದ್ದವು.

ವಾಯುಪಡೆಯ ವಿಮಾನವೆಂದರೆ ಬೆಳ್ಳಿ ಬಣ್ಣ. 1948–49ರದ್ದಾದರೆ ನೀಲಿ ಅಶೋಕಚಕ್ರದ ಗುರುತು ಬರೆಯಿರಿ. 1950ರ ನಂತರದ್ದಾದರೆ ಹೊರಗೆ ಹಸಿರು, ನಡುವೆ ಬಿಳಿ, ಒಳಗೆ ಕೇಸರಿಯ ವೃತ್ತ. ಸಂಖ್ಯೆಯ ಮುಂದೆ ಎಚ್‌ಇ ಅಕ್ಷರಗಳು. ದೆಹಲಿಯ ಪಾಲಂ ಸಂಗ್ರಹಾಲಯದಲ್ಲಿರುವ ಎಚ್‌ಇ 924 ನೋಡಿ ಮಾಡುವುದು ಸುಲಭ. ಲಂಡನ್ನಿನ ಆರ್‌ಎಎಫ್ ಮ್ಯೂಸಿಯಂನಲ್ಲಿರುವ ಲಿಬರೇಟರ್ ಕೂಡ ಭಾರತವೇ ಕೊಟ್ಟದ್ದು.

ಆ ಕಾಲದಲ್ಲಿ ಎಚ್‌ಎಎಲ್‌ನಲ್ಲಿ ದುಡಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ, ಅವರ ಆಲ್ಬಮ್ಮಿನಲ್ಲಿ ಈ ವಿಮಾನದ ಫೋಟೊ ಇದ್ದರೆ, ದಯವಿಟ್ಟು ಒಂದು ಪ್ರತಿ ತೆಗೆಸಿ ನಮಗೆ ಕಳಿಸಿ. ಮೂಲ ಫೋಟೊ ನಿಮ್ಮಲ್ಲೇ ಇರಲಿ, ಮಳೆಗಾಲಕ್ಕೆ ಮೊದಲು ಒಣ ಜಾಗಕ್ಕೆ ಸೇರಿಸಿ.