ಕತ್ತಿನ ಗಂಟನ್ನು ಕೊಯ್ಲಿನವರೆಗೆ ಕಾಯಿಸಬೇಡ

ಮಡಿಕೇರಿ

ಪ್ರೀತಿಯ ಮಗಳೇ,

ನಿನ್ನ ಹೆಸರು ಹಾಕದೆ ಈ ಪತ್ರವನ್ನು ಪತ್ರಿಕೆಗೇ ಕೊಡುತ್ತಿದ್ದೇನೆ. ಇಂಥ ಗಂಟು ನಮ್ಮ ಜಿಲ್ಲೆಯ ಬೇರೆ ಮನೆಗಳಲ್ಲೂ ಇದ್ದೀತು.

ದೊಡ್ಡಪ್ಪನ ಕತ್ತಿನಲ್ಲಿ ಗಂಟೆದ್ದು ಎರಡು ತಿಂಗಳಾಯಿತು, ನೋವಿಲ್ಲ, ಕಾಫಿ ಕೊಯ್ಲು ಮುಗಿಸಿ ಮೈಸೂರಿಗೆ ಹೋಗುತ್ತಾರೆ, ಅಲ್ಲಿಯವರೆಗೆ ಇಮ್ಯುನಿಟಿ ಹೆಚ್ಚಿಸುವ ಪುಡಿ ಕೊಡುತ್ತಿದ್ದೇವೆ ಎಂದು ಬರೆದಿದ್ದೀಯ. ನೋವಿಲ್ಲ ಎಂದು ಸಮಾಧಾನಪಡಬೇಡಿ. ಹಲ್ಲು, ಗಂಟಲಿನ ಸೋಂಕಿಗೆ ಊದಿದ ಗಂಟು ಸಾಮಾನ್ಯವಾಗಿ ನೋಯುತ್ತದೆ, ಕೆಲವು ವಾರಗಳಲ್ಲಿ ಇಳಿಯುತ್ತದೆ. ನೋಯದೆ, ಇಳಿಯದೆ ಉಳಿದದ್ದನ್ನೇ ಕ್ಯಾನ್ಸರ್ ಇದೆಯೇ ಎಂದು ಪರೀಕ್ಷಿಸಬೇಕು.

ಪುಡಿಯಿಂದ ಕ್ಯಾನ್ಸರ್ ಬರುತ್ತದೆಂದು ನಾನು ಹೇಳುವುದಿಲ್ಲ. ಆದರೆ ರೋಗನಿರೋಧಕ ಶಕ್ತಿ ಹೆಚ್ಚಿದಷ್ಟೂ ಒಳ್ಳೆಯದು ಎಂಬ ನಂಬಿಕೆ ತಪ್ಪು. ತೋಟಕ್ಕೆ ಆನೆ ನುಗ್ಗಿದರೆ ಲೈನ್‌ಮನೆಯವರೆಲ್ಲ ಎದ್ದು ಕೂಗಿ, ಪಟಾಕಿ ಹೊಡೆದು ಓಡಿಸುತ್ತಾರೆ. ಆನೆ ಕಾಡು ಸೇರಿದ ಮೇಲೆ ಕೂಗು ನಿಲ್ಲುತ್ತದೆ. ಪ್ರತಿಕಾಯ ತಯಾರಿಸುವ ನಮ್ಮ ಬಿ-ಕೋಶಗಳ ಕೆಲಸವೂ ಹಾಗೆಯೇ. ಅವುಗಳ ಮೈಮೇಲಿನ ಗ್ರಾಹಕಕ್ಕೆ ರೋಗಾಣು ತಗುಲಿದೊಡನೆ ಸಂಕೇತವೊಂದು ಪ್ರೋಟೀನಿನಿಂದ ಪ್ರೋಟೀನಿಗೆ ದಾಟಿ ಕೋಶಕೇಂದ್ರ ಮುಟ್ಟುತ್ತದೆ. ಕೋಶ ಒಡೆದು ಒಡೆದು ಹೆಚ್ಚುತ್ತದೆ. ಇನ್ನೂ ಚೆನ್ನಾಗಿ ಅಂಟುವ ಪ್ರತಿಕಾಯಕ್ಕಾಗಿ ಈ ಕೋಶಗಳು ದುಗ್ಧಗ್ರಂಥಿಯೊಳಗೆ ತಮ್ಮ ಪ್ರತಿಕಾಯದ ಜೀನನ್ನೇ ತಿದ್ದಿಕೊಳ್ಳುತ್ತವೆ. ಎಂಥ ಧೈರ್ಯದ ಕೆಲಸ! ಅಪಾಯವೂ ಅಲ್ಲೇ ಇದೆ, ತಿದ್ದುಪಡಿ ಒಮ್ಮೊಮ್ಮೆ ಬೇರೆ ಜೀನಿಗೆ ಬೀಳುತ್ತದೆ. ಎಂವೈಡಿ88 ಎಂಬ ಪ್ರೋಟೀನಿನ 265ನೇ ಸ್ಥಾನದ ಒಂದು ಅಮೈನೋ ಆಮ್ಲ ಬದಲಾದರೆ ರೋಗಾಣು ಇಲ್ಲದಿದ್ದರೂ ಸಂಕೇತ ಹೊರಡುತ್ತಲೇ ಇರುತ್ತದೆ. ಇಂಥ ತಪ್ಪುಗಳು ಒಂದರ ಮೇಲೊಂದು ಕೂಡಿದಾಗ ಲಿಂಫೋಮಾ ಎಂಬ ಕ್ಯಾನ್ಸರ್ ಆಗುತ್ತದೆ.

ಹೊಟ್ಟೆಯಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ವರ್ಷಗಟ್ಟಲೆ ಕೂತು ಈ ಕೋಶಗಳನ್ನು ಕೆಣಕುತ್ತಿದ್ದರೂ ಒಂದು ಬಗೆಯ ಲಿಂಫೋಮಾ ಹುಟ್ಟಬಹುದು. ಆರಂಭದಲ್ಲೇ ಸಿಕ್ಕರೆ, ಬ್ಯಾಕ್ಟೀರಿಯಾ ಕೊಲ್ಲುವ ಮಾತ್ರೆಗಳಿಂದಲೇ ಅದು ಹೆಚ್ಚಿನವರಲ್ಲಿ ಕರಗಿಹೋಗುತ್ತದೆ. ಕೆಣಕುವುದು ನಿಂತರೆ ಗೆಡ್ಡೆಯೂ ನಿಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಬಿ-ಕೋಶದೊಳಗೆ ಆ ಸಂಕೇತ ದಾಟಿಸುವ ಪ್ರೋಟೀನೊಂದರ ಕಥೆಯೂ ಇದನ್ನೇ ಹೇಳುತ್ತದೆ. 1952ರಲ್ಲಿ ಅಮೆರಿಕದ ಸೇನಾವೈದ್ಯ ಆಗ್ಡನ್ ಬ್ರೂಟನ್, ಪದೇ ಪದೇ ಸೋಂಕಿಗೆ ಬೀಳುತ್ತಿದ್ದ ಹುಡುಗನ ರಕ್ತದಲ್ಲಿ ಪ್ರತಿಕಾಯವೇ ಇಲ್ಲವೆಂದು ಕಂಡರು. ಆ ಕಾಯಿಲೆಯಲ್ಲಿ ಕೆಟ್ಟಿರುವ ಜೀನ್ 1993ರಲ್ಲಿ ಸಿಕ್ಕಿತು. ಅದು ತಯಾರಿಸುವ ಪ್ರೋಟೀನಿಗೆ ಅವರ ಹೆಸರೇ ನಿಂತಿದೆ, ಬಿಟಿಕೆ; ಅದರ ‘ಬಿ’ ಎಂದರೆ ಬ್ರೂಟನ್. ಅದಿಲ್ಲದಿದ್ದರೆ ಮಗು ಸೋಂಕಿಗೆ ತುತ್ತಾಗುತ್ತದೆ. ಕೆಲವು ಲಿಂಫೋಮಾಗಳು ಅದೇ ಪ್ರೋಟೀನಿನ ಬಲದಲ್ಲಿ ಬೆಳೆಯುತ್ತವೆ. ಅದನ್ನು ತಡೆಯುವ ಇಬ್ರುಟಿನಿಬ್ ಮಾತ್ರೆಗೆ 2013ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಇನ್ನು ಮಾಡಬೇಕಾದದ್ದು. ಮೊದಲು ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೇ ತೋರಿಸಿ. ನಮ್ಮ ಕಡೆ ಕತ್ತಿನ ಗಂಟೆಂದರೆ ಕ್ಷಯವೆಂಬ ಊಹೆ ಬೇಗ ಬರುತ್ತದೆ. ಅದು ಕ್ಷಯವೇ ಇರಲೂಬಹುದು. ಆದರೆ ಪರೀಕ್ಷೆಯಿಲ್ಲದೆ ತಿಂಗಳುಗಟ್ಟಲೆ ಕ್ಷಯದ ಔಷಧಿ ನುಂಗುವುದು ಬೇಡ. ಸ್ಟೀರಾಯ್ಡ್ ಅಂತೂ ಬಯಾಪ್ಸಿಗೆ ಮುಂಚೆ ಬೇಡವೇ ಬೇಡ. ಗಂಟು ತಾತ್ಕಾಲಿಕವಾಗಿ ಕುಗ್ಗಿ ರೋಗದ ಗುರುತೇ ಮರೆಯಾಗಬಹುದು. ಸೂಜಿ ಪರೀಕ್ಷೆಯಲ್ಲಿ ಏನೂ ತಿಳಿಯದಿದ್ದರೆ ಗಂಟನ್ನೇ ತೆಗೆದು ಬಯಾಪ್ಸಿ ಮಾಡಬಹುದೇ ಎಂದು ಕೇಳು. ಲಿಂಫೋಮಾದಲ್ಲಿ ಹತ್ತಾರು ಬಗೆಗಳಿವೆ, ಚಿಕಿತ್ಸೆ ನಿಲ್ಲುವುದು ಬಗೆಯ ಮೇಲೆ. ಜ್ವರ ಬಂದುಹೋಗುತ್ತಿದೆಯೇ, ಮಡಿಕೇರಿಯ ಈ ಚಳಿಯಲ್ಲೂ ರಾತ್ರಿ ಬೆವರಿ ಬಟ್ಟೆ ಒದ್ದೆಯಾಗುತ್ತಿದೆಯೇ, ತೂಕ ಇಳಿದಿದೆಯೇ ಎಂದು ದೊಡ್ಡಮ್ಮನನ್ನು ವಿಚಾರಿಸು. ಗಂಡಸರು ಇದನ್ನು ತಾವಾಗಿ ಹೇಳುವುದಿಲ್ಲ.

ರೋಗವೇ ಆಗಿದ್ದರೂ ಧೈರ್ಯ ಕಳೆದುಕೊಳ್ಳಬೇಡ. ಬಿ-ಕೋಶಗಳನ್ನೇ ಹುಡುಕಿ ಹಿಡಿಯುವ ರಿಟುಕ್ಸಿಮ್ಯಾಬ್ ಎಂಬ ಔಷಧಿಯನ್ನು 2007ರಿಂದ ಹೈದರಾಬಾದಿನ ಕಂಪನಿಯೇ ತಯಾರಿಸುತ್ತಿದೆ. ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಿದೆ. ಹಾಡ್ಜ್‌ಕಿನ್ ಬಗೆಯದಾದರೆ ಬಹುಪಾಲು ಜನ ಪೂರ್ತಿ ಗುಣವಾಗುತ್ತಾರೆ.

ಕಾಫಿ ಹಣ್ಣು ಕೊಯ್ಯಲು ಆಳು ಸಿಗುತ್ತಾರೆ, ಮಗಳೇ. ಈ ಸೋಮವಾರವೇ ರಜೆ ಹಾಕಿ ಊರಿಗೆ ಬಂದು ದೊಡ್ಡಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗು.