ಕುಲುಮೆಯ ವ್ಯಾಖ್ಯಾನ: ಆದಿಮಧ್ಯಯುಗದ ಖಡ್ಗಗಳ ಮರುನಿರ್ಮಾಣ ಮತ್ತು ಪದಾರ್ಥನಿರ್ಣಯ

1. ಪ್ರವೇಶ

ಪ್ರಾಚೀನ ಕಾವ್ಯಗಳಲ್ಲಿ ಬರುವ ಆಯುಧವಾಚಕ ಪದಗಳಿಗೆ ಅರ್ಥ ಹೇಳುವಾಗ ಟೀಕಾಕಾರರೂ ನಿಘಂಟುಕಾರರೂ ‘ಒಂದು ಬಗೆಯ ಆಯುಧ’, ‘ಕತ್ತಿಯ ಒಂದು ಭೇದ’ ಎಂಬಷ್ಟಕ್ಕೇ ನಿಲ್ಲಬೇಕಾಗಿ ಬರುವುದು ಅಪರೂಪವಲ್ಲ. ಪದವು ಯಾವ ವಸ್ತುವನ್ನು ಕುರಿತು ಹೇಳುತ್ತಿದೆಯೋ ಆ ವಸ್ತು ತುಕ್ಕು ಹಿಡಿದು ಮಣ್ಣಾಗಿರುವಾಗ, ಒಂದು ಪಠ್ಯಕ್ಕೆ ಇನ್ನೊಂದು ಪಠ್ಯವೇ ಆಧಾರವಾಗುತ್ತದೆ. ಇಂತಹ ಸಂದರ್ಭದಲ್ಲಿ ಪಠ್ಯ ಮತ್ತು ಉತ್ಖನನದ ಜೊತೆಗೆ ಮೂರನೆಯದೊಂದು ಆಧಾರವೂ ಉಂಟು. ಅದು ಕುಶಲಕರ್ಮಿಯು ಆ ವಸ್ತುವನ್ನು ಹಳೆಯ ಕ್ರಮದಲ್ಲಿ ಮತ್ತೆ ಮಾಡಿ ನೋಡುವುದು. ಯುರೋಪಿನ ಆದಿಮಧ್ಯಯುಗದ, ಎಂದರೆ ಸುಮಾರು 5ರಿಂದ 11ನೆಯ ಶತಮಾನದವರೆಗಿನ, ಖಡ್ಗ ಮತ್ತು ಕತ್ತಿಗಳ ಅಧ್ಯಯನದಲ್ಲಿ ಈ ವಿಧಾನವು ಎರಡು ತಲೆಮಾರುಗಳಿಗೂ ಹೆಚ್ಚು ಕಾಲದಿಂದ ಬಳಕೆಯಲ್ಲಿದೆ. ಅದು ಪದಾರ್ಥನಿರ್ಣಯಕ್ಕೆ ಎಷ್ಟರಮಟ್ಟಿಗೆ ನೆರವಾಗಿದೆ, ಅದರ ಮಿತಿ ಯಾವುದು, ಕನ್ನಡ ಅಧ್ಯಯನಕ್ಕೆ ಅದರಿಂದ ದೊರೆಯುವ ಸೂಚನೆ ಏನು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

2. ಅಲಗಿನ ರಚನಾಕ್ರಮ

ಆ ಕಾಲದ ಯುರೋಪಿನ ಕಮ್ಮಾರನಿಗೆ ಸಾಮಾನ್ಯವಾಗಿ ದೊರೆಯುತ್ತಿದ್ದುದು ಸಣ್ಣ ಕುಲುಮೆಗಳಲ್ಲಿ ಇದ್ದಿಲಿನೊಡನೆ ಅದಿರನ್ನು ಕಾಯಿಸಿ ಪಡೆದ ಕಬ್ಬಿಣ. ಇಲ್ಲಿ ಲೋಹವು ಕರಗಿ ದ್ರವವಾಗುವುದಿಲ್ಲ. ಕಿಟ್ಟದೊಡನೆ ಬೆರೆತ ಸ್ಪಂಜಿನಂತಹ ಮುದ್ದೆಯಾಗಿ ಉಳಿಯುತ್ತದೆ. ಅದನ್ನು ಮತ್ತೆ ಮತ್ತೆ ಕಾಯಿಸಿ ಬಡಿದು ಕಿಟ್ಟವನ್ನು ಹೊರಹಾಕಬೇಕು. ಹೀಗೆ ದೊರೆತ ಲೋಹದ ಗುಣ ಒಂದೇ ಸಮನಾಗಿರುವುದಿಲ್ಲ. ಒಂದು ತುಂಡು ಮೆದು, ಇನ್ನೊಂದು ಗಡಸು. ಒಂದರಲ್ಲಿ ಇಂಗಾಲ ಹೆಚ್ಚು, ಮತ್ತೊಂದರಲ್ಲಿ ರಂಜಕ ಹೆಚ್ಚು. ಒಳ್ಳೆಯ ಉಕ್ಕು ವಿರಳವಾಗಿದ್ದುದರಿಂದ ಅದನ್ನು ಬಾಯಿಧಾರೆಗೆ ಮೀಸಲಿಡುವುದು ವಾಡಿಕೆಯಾಗಿತ್ತು.

ಈ ಅಸಮತೆಯನ್ನೇ ಕಮ್ಮಾರರು ಅಲಂಕಾರಕ್ಕೆ ಬಳಸಿಕೊಂಡರು. ಬೇರೆ ಬೇರೆ ಗುಣದ ತೆಳು ಸರಳುಗಳನ್ನು ಕಟ್ಟಾಗಿ ಜೋಡಿಸಿ, ಬಿಳಿಗಾವು ಬರುವವರೆಗೆ ಕಾಯಿಸಿ, ಬಡಿದು ಒಂದಾಗಿಸುತ್ತಿದ್ದರು. ಅನಂತರ ಆ ಸರಳನ್ನು ಕೆಂಪಾಗಿರುವಾಗಲೇ ಹಗ್ಗದಂತೆ ಹುರಿಗೊಳಿಸುತ್ತಿದ್ದರು. ಒಂದು ಬಲಕ್ಕೆ, ಪಕ್ಕದ್ದು ಎಡಕ್ಕೆ ಹೀಗೆ ಹುರಿಗೊಂಡ ಸರಳುಗಳನ್ನು ಸಾಲಾಗಿ ಇಟ್ಟು ಬೆಸೆದರೆ ಅಲಗಿನ ನಡುಭಾಗ ಸಿದ್ಧವಾಗುತ್ತದೆ. ಅದರ ಎರಡು ಅಂಚಿಗೂ ಉಕ್ಕಿನ ಪಟ್ಟಿಯನ್ನು ಬೆಸೆದು, ನಡುವೆ ಉದ್ದನೆಯ ತೋಡು ತೆಗೆದು, ಹದ ಕೊಟ್ಟು, ಸಾಣೆ ಹಿಡಿದು, ನುಣುಪು ಮಾಡಿದ ಮೇಲೆ, ಸೌಮ್ಯವಾದ ಆಮ್ಲದ ಸೋಂಕು ತಗುಲಿದಾಗ ಲೋಹಗಳ ನಡುವಣ ವ್ಯತ್ಯಾಸ ಬೆಳಕು-ನೆರಳಿನ ವಿನ್ಯಾಸವಾಗಿ ಕಾಣಿಸಿಕೊಳ್ಳುತ್ತದೆ. ರಂಜಕವಿರುವ ಕಬ್ಬಿಣ ಬೆಳ್ಳಗೆ ಉಳಿಯುತ್ತದೆ, ಇಂಗಾಲವಿರುವುದು ಕಪ್ಪಾಗುತ್ತದೆ. ಈ ವಿನ್ಯಾಸವು ಮೇಲೆ ಬರೆದುದಲ್ಲ, ಕೆತ್ತಿದುದೂ ಅಲ್ಲ; ಅಲಗಿನ ಒಡಲಿನಿಂದಲೇ ಹೊರಟುದು.

ಈ ಇಡೀ ಕ್ರಮದಲ್ಲಿ ಕಮ್ಮಾರನಿಗೆ ದೊಡ್ಡ ಅಪಾಯ ಬೆಸುಗೆಯದು. ಕಾವು ಕಡಿಮೆಯಾದರೆ ಪದರಗಳು ಕೂಡುವುದಿಲ್ಲ. ಹೆಚ್ಚಾದರೆ ಲೋಹ ಕಿಡಿಯುಗುಳಿ ಸುಟ್ಟುಹೋಗುತ್ತದೆ. ಹುರಿಗೊಳಿಸುವಾಗ ಕೆಟ್ಟ ಬೆಸುಗೆ ಅಲ್ಲೇ ಬಾಯಿಬಿಡುತ್ತದೆ. ಆದುದರಿಂದ ಹುರಿಗೊಳಿಸುವ ಕ್ರಿಯೆಯು ಅಲಂಕಾರವಷ್ಟೇ ಅಲ್ಲದೆ ಒಂದು ಪರೀಕ್ಷೆಯೂ ಆಗುತ್ತದೆ. ಇದು ಮಾಡಿದವರ ಅನುಭವದಿಂದ ತಿಳಿದುಬಂದ ಸಂಗತಿಯೇ ಹೊರತು ಯಾವ ಪಠ್ಯವೂ ಹೇಳಿದುದಲ್ಲ.

3. ಪಠ್ಯ ಮತ್ತು ಪ್ರಯೋಗ

ಇಟಲಿಯನ್ನು 493ರಿಂದ 526ರವರೆಗೆ ಆಳಿದ ಓಸ್ಟ್ರೋಗಾಥ್ ಅರಸ ಥಿಯೊಡೊರಿಕನ ಪರವಾಗಿ ಅವನ ಅಧಿಕಾರಿ ಕ್ಯಾಸಿಯೊಡೋರಸ್ ಬರೆದ ಲ್ಯಾಟಿನ್ ಪತ್ರವೊಂದು ಈ ವಿಷಯದಲ್ಲಿ ಪ್ರಸಿದ್ಧವಾಗಿದೆ. ಕಾಣಿಕೆಯಾಗಿ ಬಂದ ಖಡ್ಗಗಳಿಗೆ ಕೃತಜ್ಞತೆ ಹೇಳುವ ಈ ಪತ್ರದಲ್ಲಿ ಅಲಗಿನ ನಡುವಣ ತೋಡನ್ನೂ ಅದರಲ್ಲಿ ಸುರುಳಿಗೊಂಡ ಹುಳುಗಳಂತೆ ತೋರುವ ರೇಖೆಗಳನ್ನೂ ಲೋಹಕ್ಕೆ ಹಲವು ಬಣ್ಣಗಳಿರುವಂತೆ ಭಾಸವಾಗುವ ನೆರಳಾಟವನ್ನೂ ವರ್ಣಿಸಲಾಗಿದೆ. ಅವುಗಳನ್ನು ಹೊಳಪುಗೊಳಿಸಿದ, ಕಳುಹಿಸಿದವರ ನಾಡಿನ ಪುಡಿಯ ಪ್ರಶಂಸೆಯೂ ಅಲ್ಲಿದೆ. ಬರಿಯ ಓದಿನಲ್ಲಿ ಈ ಕೊನೆಯ ಮಾತು ರಾಜಸಭೆಯ ಉಪಚಾರದಂತೆ ತೋರಬಹುದು. ಆದರೆ ನುಣುಪು ಮಾಡುವ ಪುಡಿ ಒರಟಾಗಿದ್ದರೆ ಗೀರುಗಳ ನಡುವೆ ವಿನ್ಯಾಸವೇ ಕಾಣದೆ ಹೋಗುತ್ತದೆ ಎಂಬುದನ್ನು ಅಲಗು ಮಾಡಿದವರು ಬಲ್ಲರು. ಹಾಗಾಗಿ ಉಪಚಾರದ ಮಾತೆಂದು ದಾಟಿಹೋಗಬಹುದಾದ ವಾಕ್ಯವು ವಸ್ತುನಿಷ್ಠ ವಿವರವಾಗಿ ಮಾರ್ಪಡುತ್ತದೆ.

ಪ್ರಾಚೀನ ಇಂಗ್ಲಿಷಿನ ‘ಬೇವುಲ್ಫ್’ ಕಾವ್ಯದಲ್ಲಿಯೂ ಇಂತಹ ಸಮಾಸಪದಗಳಿವೆ. ‘ಬ್ರೋಗ್ಡೆನ್‌ಮ್ಯಾಲ್’ ಎಂಬಲ್ಲಿ ಪೂರ್ವಪದಕ್ಕೆ ಹೆಣೆದ, ಹುರಿಗೊಳಿಸಿದ ಎಂದೂ ಉತ್ತರಪದಕ್ಕೆ ಗುರುತು, ವಿನ್ಯಾಸ ಎಂದೂ ಅರ್ಥ ಹೇಳಬಹುದು. ಕಾವ್ಯದಲ್ಲಿ ಇದು ಅಲಗನ್ನು ಕುರಿತೇ ಪ್ರಯೋಗವಾಗಿದೆ. ‘ವಿರ್ಮ್‌ಫಾಹ್’, ಎಂದರೆ ಸರ್ಪಚಿತ್ರಿತ, ಎಂಬ ಪದವಾದರೋ ಹಿಡಿಯ ವರ್ಣನೆಯ ಸಂದರ್ಭದಲ್ಲಿ ಬರುವುದರಿಂದ ಹಿಡಿಯ ಮೇಲಣ ಸರ್ಪಾಕೃತಿಯನ್ನು ಹೇಳುತ್ತದೆಯೋ ಅಲಗಿನ ವಿನ್ಯಾಸವನ್ನೋ ಎಂಬ ಸಂದೇಹಕ್ಕೆ ಅವಕಾಶವಿದೆ. ಕುಲುಮೆಯ ಪ್ರಯೋಗವು ಮೊದಲನೆಯ ಪದಕ್ಕೆ ದೃಢವಾದ ಆಧಾರ ಒದಗಿಸುತ್ತದೆ. ಎರಡನೆಯದಕ್ಕೆ ಒಂದು ಸಾಧ್ಯತೆಯನ್ನು ಮಾತ್ರ ಸೂಚಿಸುತ್ತದೆ. ಈ ಭೇದವನ್ನು ಮರೆಯಬಾರದು.

ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕೆಲಸ ಮಾಡುತ್ತಿದ್ದ ಹರ್ಬರ್ಟ್ ಮೇರಿಯನ್ ಅವರು 1940ರ ದಶಕದ ಕೊನೆಯಲ್ಲಿ ಈ ತಂತ್ರಕ್ಕೆ ‘ವಿನ್ಯಾಸ ಬೆಸುಗೆ’ ಎಂಬ ಅರ್ಥದ ಇಂಗ್ಲಿಷ್ ಹೆಸರನ್ನು ರೂಢಿಗೆ ತಂದರು. ಜಾನ್ ಆನ್‌ಸ್ಟೀ ಅವರು ಸ್ವತಃ ಅಲಗುಗಳನ್ನು ಬಡಿದು ಮಾಡಿ, ಲಿಯೋ ಬೀಕ್ ಅವರೊಡನೆ 1961ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಹುರಿಗೊಂಡ ಒಂದೇ ಸರಳನ್ನು ಮೇಲ್ಮೈಯಲ್ಲಿ ಮಾತ್ರ ತೇದರೆ ಓರೆಗೆರೆಗಳೂ, ಇನ್ನೂ ಆಳಕ್ಕೆ ತೇದರೆ ಬಾಗಿದ ರೇಖೆಗಳೂ ಕಾಣುತ್ತವೆ. ಆದ್ದರಿಂದ ಎರಡು ಖಡ್ಗಗಳ ವಿನ್ಯಾಸ ಬೇರೆಯಾಗಿ ತೋರಿದ ಮಾತ್ರಕ್ಕೆ ಅವುಗಳ ರಚನಾತಂತ್ರವೂ ಬೇರೆ ಎನ್ನುವಂತಿಲ್ಲ. ಹಿಲ್ಡಾ ಎಲಿಸ್ ಡೇವಿಡ್‌ಸನ್ ಅವರು ಆಂಗ್ಲೋ-ಸ್ಯಾಕ್ಸನ್ ಖಡ್ಗವನ್ನು ಕುರಿತ ತಮ್ಮ 1962ರ ಗ್ರಂಥದಲ್ಲಿ ಕಾವ್ಯ, ಉತ್ಖನನ, ಕಮ್ಮಾರಿಕೆ ಈ ಮೂರನ್ನೂ ಒಟ್ಟಿಗೆ ಇಟ್ಟು ಪರಿಶೀಲಿಸಿದ್ದಾರೆ.

4. ಮರುನಿರ್ಮಾಣದ ಬಗೆಗಳು

ಇಂಗ್ಲೆಂಡಿನ ಸಟನ್ ಹೂ ಎಂಬಲ್ಲಿ 1939ರಲ್ಲಿ ದೊರೆತ, 7ನೆಯ ಶತಮಾನದ ಆರಂಭಕ್ಕೆ ಸೇರಿದ ನೌಕಾಸಮಾಧಿಯ ಖಡ್ಗವು ಒರೆಯೊಡನೆ ತುಕ್ಕುಗಟ್ಟಿ ಒಂದೇ ಮುದ್ದೆಯಾಗಿತ್ತು. ಕ್ಷಕಿರಣದ ನೆರವಿನಿಂದ, ತೆಳು ಸರಳುಗಳ ಎಂಟು ಕಟ್ಟುಗಳನ್ನು ಬೆಸೆದು ಅದರ ನಡುಭಾಗವನ್ನು ರಚಿಸಿರುವುದು ತಿಳಿದುಬಂದಿತು. ಅಮೆರಿಕದ ಕಮ್ಮಾರ ಸ್ಕಾಟ್ ಲ್ಯಾಂಕ್ಟನ್ ಅವರು ಬ್ರಿಟಿಷ್ ಮ್ಯೂಸಿಯಮ್ಮಿಗಾಗಿ ಇದರ ಪ್ರತಿರೂಪವನ್ನು ನಿರ್ಮಿಸಿದರು. ಮೂಲವು ಹೊಸದಾಗಿದ್ದಾಗ ಹೇಗಿದ್ದಿತೆಂಬುದನ್ನು ಕಲ್ಪಿಸಿಕೊಳ್ಳಲು ಇಂತಹ ಪ್ರತಿರೂಪವಲ್ಲದೆ ಬೇರೆ ಮಾರ್ಗವಿಲ್ಲ.

ಇಂದು ಕೈಯಿಂದ ತಯಾರಾಗುವ ಇಂತಹ ಖಡ್ಗ-ಕತ್ತಿಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ನಿರ್ದಿಷ್ಟ ಮೂಲವೊಂದರ ಅಳತೆ, ತೂಕ, ಪದರಗಳನ್ನು ಅನುಸರಿಸುವ ಪ್ರತಿಕೃತಿ ಮೊದಲನೆಯದು. ಅನೇಕ ಅಪೂರ್ಣ ಅವಶೇಷಗಳಿಂದ ಒಂದು ಸಾಧ್ಯ ರೂಪವನ್ನು ಕಟ್ಟುವ ಪುನಾರಚನೆ ಎರಡನೆಯದು. ಆ ಕಾಲದ ಆಕಾರ ಹಾಗೂ ತಂತ್ರಗಳಿಂದ ಪ್ರೇರಣೆ ಪಡೆದರೂ ಕರ್ತೃವಿನ ಸ್ವಾತಂತ್ರ್ಯವನ್ನು ಉಳಿಸಿಕೊಂಡ ಕೃತಿ ಮೂರನೆಯದು. ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಹೇಳುವುದಾದರೆ ಇವು ಕ್ರಮವಾಗಿ ಯಥಾಪ್ರತಿ, ಪರಿಷ್ಕೃತ ಪಾಠ ಮತ್ತು ರೂಪಾಂತರಗಳಿಗೆ ಸಮಾನ. ಮೂರಕ್ಕೂ ಅವುಗಳದೇ ಆದ ಬೆಲೆಯಿದೆ. ಆದರೆ ರೂಪಾಂತರವನ್ನು ಮೂಲಕ್ಕೆ ಸಾಕ್ಷಿಯಾಗಿ ಉದ್ಧರಿಸುವಂತಿಲ್ಲ. ಇಂದಿನ ಕಮ್ಮಾರರಲ್ಲಿ ಅನೇಕರು ಅನಿಲದ ಕುಲುಮೆ, ಯಂತ್ರದ ಸುತ್ತಿಗೆ, ಕಾರ್ಖಾನೆಯ ಉಕ್ಕು ಬಳಸುತ್ತಾರೆ. ನಿಕ್ಕಲ್ ಬೆರೆತ ಉಕ್ಕಿನಿಂದ ಬರುವ ಬೆಳ್ಳಿಯಂತಹ ಹೊಳಪು ರಂಜಕಯುಕ್ತ ಕಬ್ಬಿಣದ ಮಂದವಾದ ಬಿಳುಪಲ್ಲ. ಇದನ್ನು ಅರಿಯದೆ ಆಧುನಿಕ ಅಲಗನ್ನು ಕಂಡು ಪ್ರಾಚೀನ ಕವಿಯ ವರ್ಣನೆಯನ್ನು ಅಳೆಯುವುದು ತಪ್ಪಾಗುತ್ತದೆ.

ಖಡ್ಗಕ್ಕಿಂತ ಕತ್ತಿಯ ಚರಿತ್ರೆ ಜನಜೀವನಕ್ಕೆ ಹತ್ತಿರವಾದುದು. ‘ಸೀಕ್ಸ್’ ಎಂಬ ಒಂದೇ ಬಾಯಿಯ ಕತ್ತಿಯಿಂದಲೇ ಸ್ಯಾಕ್ಸನ್ನರಿಗೆ ಆ ಹೆಸರು ಬಂದಿತೆಂದು ಹೇಳಲಾಗುತ್ತದೆ. 1857ರಲ್ಲಿ ಲಂಡನ್ನಿನ ಬ್ಯಾಟರ್‌ಸೀ ಬಳಿ ಥೇಮ್ಸ್ ನದಿಯಲ್ಲಿ ದೊರೆತ ಇಂತಹ ಕತ್ತಿಯೊಂದರ ಅಲಗಿನ ಮೇಲೆ 28 ರೂನ್ ಅಕ್ಷರಗಳ ಪೂರ್ಣ ವರ್ಣಮಾಲೆಯನ್ನೂ ‘ಬೆಯಾಗ್ನೋಥ್’ ಎಂಬ ಹೆಸರನ್ನೂ ಲೋಹದ ತಂತಿ ಕೂರಿಸಿ ಬರೆಯಲಾಗಿದೆ. ಆ ಹೆಸರು ಒಡೆಯನದೋ ಕಮ್ಮಾರನದೋ ಎಂಬುದು ಅನಿಶ್ಚಿತ. ತಾಳೆಗರಿಯ ಮೇಲೆ ಕಂಟ ಆಡಿದ ಬಗೆಯನ್ನು ಅಕ್ಷರದ ಆಕಾರದಿಂದ ಊಹಿಸುವಂತೆ, ಇಲ್ಲಿಯೂ ಉಳಿಯ ತೋಡು ಮತ್ತು ತಂತಿಯ ಬಾಗುಗಳಿಂದ ಅಕ್ಷರರೂಪವನ್ನು ವಿವರಿಸಬೇಕಾಗುತ್ತದೆ.

5. ಉಕ್ಕಿನ ದಾರಿ

9ರಿಂದ 11ನೆಯ ಶತಮಾನದವರೆಗಿನ, ‘ಉಲ್ಫ್‌ಬರ್ಟ್’ ಎಂಬ ಹೆಸರನ್ನು ಕಬ್ಬಿಣದಿಂದ ಕೂರಿಸಿದ ಖಡ್ಗಗಳು ಯುರೋಪಿನಾದ್ಯಂತ ನೂರಕ್ಕೂ ಹೆಚ್ಚು ದೊರೆತಿವೆ. ಹೆಸರಿನೊಡನೆ ಇರುವ ಎರಡನೆಯ ಶಿಲುಬೆಯ ಗುರುತು ಕೆಲವುಗಳಲ್ಲಿ ಕೊನೆಯ ಅಕ್ಷರಕ್ಕೆ ಮೊದಲು, ಕೆಲವುಗಳಲ್ಲಿ ಅದರ ಅನಂತರ ಬರುತ್ತದೆ. ಈ ಖಡ್ಗಗಳ ಲೋಹವನ್ನು ಪರೀಕ್ಷಿಸಿದ ಅಲನ್ ವಿಲಿಯಮ್ಸ್ ಅವರು ಕೆಲವು ಅಲಗುಗಳು ಇಂಗಾಲ ಹೆಚ್ಚಾಗಿರುವ ಉಕ್ಕಿನವು, ಅವು ಮುಖ್ಯವಾಗಿ ಮೊದಲ ಪಾಠದವು ಎಂದು ಗುರುತಿಸಿ, ಮೂಸೆಯಲ್ಲಿ ಕರಗಿಸಿದ ಪೂರ್ವದೇಶಗಳ ಉಕ್ಕು ಅಲ್ಲಿಗೆ ತಲುಪಿರಬಹುದೆಂದು ಸೂಚಿಸಿದರು. ಅಮೆರಿಕದ ಕಮ್ಮಾರ ರಿಚರ್ಡ್ ಫರರ್ ಅವರು ಮೂಸೆಯಲ್ಲಿ ಉಕ್ಕನ್ನು ತಾವೇ ತಯಾರಿಸಿ ಅಂತಹ ಖಡ್ಗವೊಂದನ್ನು ನಿರ್ಮಿಸಿದ ಕ್ರಮವು 2012ರಲ್ಲಿ ಸಾಕ್ಷ್ಯಚಿತ್ರವಾಗಿ ಪ್ರಸಾರವಾಯಿತು. ಇದರಿಂದ ಆ ಕಾರ್ಯ ಸಾಧ್ಯವೆಂಬುದು ಸ್ಥಿರವಾಯಿತು. ಉಕ್ಕು ಎಲ್ಲಿಂದ ಬಂದಿತೆಂಬುದು ಸ್ಥಿರವಾಗಲಿಲ್ಲ. ಮಧ್ಯ ಏಷ್ಯಾದ ಮೆರ್ವ್‌ನಲ್ಲಿ ಅದೇ ಕಾಲದ ಮೂಸೆಯುಕ್ಕಿನ ಕುಲುಮೆಗಳು ದೊರೆತಿರುವುದರಿಂದ ದಕ್ಷಿಣ ಭಾರತದ ಹೆಸರನ್ನು ಅವಸರದಿಂದ ಮುಂದೊಡ್ಡುವುದು ಸಲ್ಲದು.

ಆದರೆ ಮೂಸೆಯುಕ್ಕಿಗೆ ಯುರೋಪಿನ ಭಾಷೆಗಳಲ್ಲಿ ನೆಲೆನಿಂತ ‘ವೂಟ್ಸ್’ ಎಂಬ ಹೆಸರಿನಲ್ಲಿ ನಮ್ಮ ಸಂಬಂಧ ಸ್ಪಷ್ಟವಾಗಿದೆ. ಜಾರ್ಜ್ ಪಿಯರ್ಸನ್ ಅವರು 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ, ಮುಂಬಯಿಯಿಂದ ಬಂದ ಉಕ್ಕನ್ನು ಪರೀಕ್ಷಿಸುತ್ತ ಈ ಹೆಸರನ್ನು ಬಳಸಿದರು. ಅದು ‘ಉಕ್ಕು’ ಪದದ ಅಪಭ್ರಷ್ಟ ರೂಪವೆಂಬ ಅಭಿಪ್ರಾಯ ವ್ಯಾಪಕವಾಗಿದೆ. ಕನ್ನಡದ ‘ಉರ್ಕು’, ‘ಉಕ್ಕು’ ರೂಪಗಳು ತಮಿಳಿನ ‘ಉರುಕ್ಕು’ ಪದಕ್ಕೆ ಜ್ಞಾತಿಗಳು. ಅದರ ಮೂಲದಲ್ಲಿ ಕರಗು ಎಂಬ ಅರ್ಥದ ‘ಉರುಕು’ ಧಾತುವಿದೆ. ‘ಇರ್ದು’ ಎಂಬುದು ‘ಇದ್ದು’ ಆದಂತೆ ‘ಉರ್ಕು’ ಎಂಬುದು ‘ಉಕ್ಕು’ ಆಗಿದೆ. ಯುರೋಪಿನ ಕಬ್ಬಿಣ ಕರಗದೆ ಮುದ್ದೆಯಾಗುತ್ತಿದ್ದಾಗ, ದ್ರಾವಿಡ ಭಾಷೆಗಳು ಉಕ್ಕನ್ನು ಕರಗಿದುದು ಎಂದೇ ಹೆಸರಿಸಿದವು. ತಯಾರಿಕೆಯ ಕ್ರಮವು ಪದದಲ್ಲಿಯೇ ಅಡಗಿ ಉಳಿದಿದೆ.

6. ಉಪಸಂಹಾರ

ಮರುನಿರ್ಮಾಣವು ಒಂದು ಅರ್ಥ ಅಸಾಧ್ಯವೆಂದು ತೋರಿಸಬಲ್ಲದು, ಇನ್ನೊಂದು ಸಾಧ್ಯವೆಂದೂ ತೋರಿಸಬಲ್ಲದು. ಆದರೆ ಪ್ರಾಚೀನರು ಹಾಗೆಯೇ ಮಾಡಿದರೆಂದು ತಾನೊಂದೇ ಸಾಧಿಸಲಾರದು. ಈ ಎಚ್ಚರವಿಟ್ಟುಕೊಂಡರೆ ಅದು ವ್ಯಾಖ್ಯಾನದ ಒಂದು ಅಂಗವೇ ಆಗುತ್ತದೆ. ಕನ್ನಡದಲ್ಲಿ ಬಾಳ್, ಸುರಿಗೆ, ಕರವಾಳ, ಕಠಾರಿ ಮೊದಲಾದ ಪದಗಳಿವೆ. ಅಲಗಿನ ಆಕಾರವನ್ನು ಶಿಲೆಯಲ್ಲಿ ಉಳಿಸಿಕೊಂಡ ಅಸಂಖ್ಯ ವೀರಗಲ್ಲುಗಳಿವೆ. ಶಿಲ್ಪಿಯು ಆಕಾರವನ್ನು ತೋರಿಸಬಲ್ಲ. ತೂಕ, ಬಾಗು, ಹದ ಇವನ್ನು ಹೇಳಬಲ್ಲವನು ಕಮ್ಮಾರ. ತಿದಿಯೊತ್ತಿ ಕುಡುಗೋಲು ಬಡಿಯಬಲ್ಲ ಹಿರಿಯ ಕಮ್ಮಾರರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರ ಕುಲುಮೆಗಳು ಮಾತ್ರ ಒಂದೊಂದಾಗಿ ಆರುತ್ತಿವೆ. ಬೆಸುಗೆ, ಹದ, ಸಾಣೆಗಳಿಗೆ ಸಂಬಂಧಿಸಿದ ಅವರ ವೃತ್ತಿಪದಗಳನ್ನು ಕ್ರಿಯೆಯೊಡನೆಯೇ ದಾಖಲಿಸಿ, ಕಾವ್ಯ ಮತ್ತು ಶಾಸನಗಳ ಪದಗಳೊಡನೆ ಹೋಲಿಸುವ ಕೆಲಸ ಈಗಲೇ ನಡೆಯಬೇಕು. ಆ ಕುಲುಮೆಗಳು ಆರಿದ ಮೇಲೆ ‘ಒಂದು ಬಗೆಯ ಆಯುಧ’ ಎಂಬ ಅರ್ಥವನ್ನು ತಿದ್ದಲು ಬೇಕಾದ ಸಾಕ್ಷ್ಯವನ್ನು ಯಾವ ಗ್ರಂಥಭಂಡಾರವೂ ಒದಗಿಸಲಾರದು.